ಫೋರ್ಟ್‌ನ ಮನೆಯೊಡತಿ ದೋನಾ ಇನೇಸ್

ಫೋರ್ಟ್‌ನಲ್ಲಿ ಹತ್ತು ಹದಿನೈದು ವರ್ಷದಿಂದ ಕೆಲಸ ಮಾಡುತ್ತಿರುವ ಯಾರನ್ನಾದರೂ ನಿಲ್ಲಿಸಿ, “ಈ ಫೋರ್ಟ್‌ನಲ್ಲಿ ಕೋಟೆ ಎಲ್ಲಿದೆ ಮಾರಾಯ್ರೆ?” ಎಂದು ಕೇಳಿನೋಡಿ. ಸ್ವಲ್ಪ ತಬ್ಬಿಬ್ಬಾಗುತ್ತಾರೆ. ಊರಿನ ಸುತ್ತ ಇದ್ದ ಗೋಡೆಯನ್ನು 1860ರ ದಶಕದಲ್ಲಿ, ಬಾರ್ಟಲ್ ಫ್ರೇರ್ ಗವರ್ನರ್ ಆಗಿದ್ದಾಗ ಕೆಡವಿಹಾಕಿದರು. ಚರ್ಚ್‌ಗೇಟ್, ಬಜಾರ್‌ಗೇಟ್ ಎಂಬ ಹೆಸರುಗಳು ಉಳಿದವು, ಗೇಟುಗಳು ಉಳಿಯಲಿಲ್ಲ. ಆದರೆ ಆ ಗೋಡೆಗಿಂತಲೂ ಹಳೆಯದಾದ ಒಳಕೋಟೆ ಒಂದಿತ್ತು. ಅದರ ಹೆಸರು ಬಾಂಬೆ ಕ್ಯಾಸಲ್. ಅದರ ಒಂದಷ್ಟು ಗೋಡೆ, ಒಂದು ಬಾಗಿಲು ಇಂದಿಗೂ ಇವೆ. ಏಷ್ಯಾಟಿಕ್ ಸೊಸೈಟಿಯ ಬಿಳಿ ಮೆಟ್ಟಿಲುಗಳ ಮೇಲೆ ಕೂತು ನಾವೆಲ್ಲ ಫೋಟೋ ತೆಗೆಸಿಕೊಳ್ಳುತ್ತೇವಲ್ಲ, ಆ ಕಟ್ಟಡದ ಬೆನ್ನಿಗೇ, ನೌಕಾಪಡೆಯ ಐಎನ್‌ಎಸ್ ಆಂಗ್ರೆ ಆವರಣದೊಳಗೆ. ನೌಕಾಪಡೆಯ ಜಾಗವಾದ್ದರಿಂದ ನಮ್ಮ ನಿಮ್ಮಂಥವರು ಸುಮ್ಮನೆ ಒಳಗೆ ಹೋಗುವಂತಿಲ್ಲ.

ಆ ಕೋಟೆ ಮೊದಲು ಕೋಟೆಯಾಗಿರಲಿಲ್ಲ. ಅದೊಂದು ಮನೆ. ತೆಂಗಿನ ತೋಟದ ನಡುವೆ, ಸಮುದ್ರಕ್ಕೆ ಮುಖಮಾಡಿದ ದೊಡ್ಡ ಮನೆ. 1665ರಲ್ಲಿ ಆ ಮನೆಯ ಒಡತಿ ದೋನಾ ಇನೇಸ್ ದ ಮಿರಾಂಡಾ ಎಂಬ ಪೋರ್ಚುಗೀಸ್ ವಿಧವೆ. ದ್ವೀಪದ ಜನ ಆಕೆಯನ್ನು ಕರೆಯುತ್ತಿದ್ದದ್ದು ‘ಸೆನ್ಹೋರಾ ದ ಇಲ್ಹಾ’ ಎಂದು. ಅಂದರೆ ದ್ವೀಪದ ಒಡತಿ. ನಮ್ಮ ಕಡೆಯ ಭಾಷೆಯಲ್ಲಿ ಹೇಳುವುದಾದರೆ ಗುತ್ತಿನ ಮನೆಯ ಯಜಮಾನ್ತಿ. ಬೊಂಬಾಯಿ ದ್ವೀಪವನ್ನು ಪೋರ್ಚುಗೀಸರು ಇಂಗ್ಲಿಷರಿಗೆ ಹಸ್ತಾಂತರಿಸಿದ್ದು ಯಾವ ಅರಮನೆಯಲ್ಲೂ ಅಲ್ಲ, ಈಕೆಯ ಮನೆಯಲ್ಲಿ.

ಈ ಮನೆಗೆ ಆಕೆಗಿಂತ ಹಿಂದಿನ ಕಥೆಯೂ ಇದೆ. 1534ರಲ್ಲಿ ಗುಜರಾತಿನ ಸುಲ್ತಾನ ಬಹಾದೂರ್ ಶಾಹ ವಸಾಯಿ ಒಪ್ಪಂದದಲ್ಲಿ ವಸಾಯಿಯ ಜೊತೆಗೆ ಈ ದ್ವೀಪಗಳನ್ನೂ ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. ಅವರು ಹಳ್ಳಿಗಳನ್ನೂ ದ್ವೀಪಗಳನ್ನೂ ತಮ್ಮ ಕುಲೀನರಿಗೆ, ಸೇವೆ ಮಾಡಿದವರಿಗೆ ಗೇಣಿಯ ಮೇಲೆ ಹಂಚಿದರು. ಬೊಂಬಾಯಿ ಸಿಕ್ಕಿದ್ದು ಗಾರ್ಸಿಯಾ ದ ಒರ್ತಾ ಎಂಬ ವೈದ್ಯನಿಗೆ. ವರ್ಷಕ್ಕೆ ಸುಮಾರು 1,400 ಪರ್ದಾವ್ ಗೇಣಿ. 1563ರಲ್ಲಿ ಗೋವೆಯಲ್ಲಿ ಅಚ್ಚಾದ, ಭಾರತದ ಗಿಡಮೂಲಿಕೆಗಳ ಬಗೆಗಿನ ದೊಡ್ಡ ಪುಸ್ತಕ ಬರೆದವನು ಅವನೇ. ಬೊಂಬಾಯಿಯ ತನ್ನ ತೋಟದಲ್ಲಿ ವರ್ಷಕ್ಕೆ ಎರಡು ಸಲ ಫಲ ಬಿಡುವ ಮಾವಿನ ಮರ ಇದೆ ಎಂದು ಅದರಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಅವನ ಹಿರಿಯರು ಬಲವಂತಕ್ಕೆ ಕ್ರೈಸ್ತರಾದ ಯಹೂದಿಗಳು. ಅವನು ಸತ್ತು ಹನ್ನೆರಡು ವರ್ಷದ ಮೇಲೆ, 1580ರಲ್ಲಿ, ಗೋವೆಯ ಇನ್‌ಕ್ವಿಸಿಷನ್ ನ್ಯಾಯಾಲಯ ಅವನ ಎಲುಬುಗಳನ್ನು ಅಗೆದು ತೆಗೆಸಿ ಸುಡಿಸಿತು. ಬೊಂಬಾಯಿಯ ಆ ದೊಡ್ಡ ಮನೆಯೂ ಒಮ್ಮೆ ಸುಟ್ಟಿತು. 1626ರ ಅಕ್ಟೋಬರ್‌ನಲ್ಲಿ ಇಂಗ್ಲಿಷ್ ಮತ್ತು ಡಚ್ ಹಡಗುಗಳು ಒಟ್ಟಾಗಿ ಬಂದು ಊರನ್ನು ಲೂಟಿಮಾಡಿ ಬೆಂಕಿ ಇಟ್ಟುಹೋದವು. ಮತ್ತೆ ಎದ್ದ ಮನೆಯಲ್ಲಿ ನಮಗೆ ಕಾಣಸಿಗುವವಳು ದೋಮ್ ರೊಡ್ರಿಗೊ ದ ಮೊನ್ಸಾಂತೊನ ವಿಧವೆ ದೋನಾ ಇನೇಸ್.

ವಸಾಯಿ ಪ್ರಾಂತದಲ್ಲಿ ಹೆಂಗಸರ ಕೈಯಲ್ಲಿ ಆಸ್ತಿ ಇರುವುದು ಅಪರೂಪದ ಸಂಗತಿ ಆಗಿರಲಿಲ್ಲ. ಹಳ್ಳಿಗಳನ್ನು ಹೆಣ್ಣುಮಕ್ಕಳಿಗೆ ಮದುವೆಯ ಬಳುವಳಿಯಾಗಿ ಕೊಡುವ ಪದ್ಧತಿ ಪೋರ್ಚುಗೀಸರಲ್ಲಿತ್ತು. ಅದರ ಹಿಂದೆ ಲೆಕ್ಕಾಚಾರವೂ ಇತ್ತೆನ್ನಿ: ಹುಡುಗಿ ಪೋರ್ಚುಗೀಸನನ್ನೇ ಮದುವೆಯಾಗಬೇಕು, ಆಗ ಭೂಮಿಯ ಜೊತೆಗೆ ಅದನ್ನು ಕಾಯುವ ಒಬ್ಬ ಸೈನಿಕನೂ ಉಳಿಯುತ್ತಾನೆ. ಅಳಿಯಸಂತಾನದಲ್ಲಿ ಹುಟ್ಟಿಬೆಳೆದು ಮುಂಬೈಗೆ ಬಂದ ನಮ್ಮವರಿಗೆ ತಾಯಿಯ ಕಡೆಯಿಂದ ಆಸ್ತಿ ಹರಿಯುವ ಮಾತು ಹೊಸದಲ್ಲ. ಆಸ್ತಿ ಹೆಣ್ಣಿನ ಹೆಸರಲ್ಲಿ, ಅಧಿಕಾರ ಮಾತ್ರ ಮಾವನ ಕೈಯಲ್ಲಿ ಎಂಬ ಮಾತೂ ಹೊಸದಲ್ಲ.

ಈಗ ಬಳುವಳಿಯ ಇನ್ನೊಂದು ಕಥೆಗೆ ಬರೋಣ. ಅದು ಶಾಲೆಯಲ್ಲಿ ನಾವೆಲ್ಲ ಓದಿದ್ದು: ಪೋರ್ಚುಗಲ್‌ನ ರಾಜಕುಮಾರಿ ಕ್ಯಾಥರೀನಳನ್ನು ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ಮದುವೆಯಾದ, ವರದಕ್ಷಿಣೆಯಾಗಿ ಬೊಂಬಾಯಿ ಸಿಕ್ಕಿತು. ಒಂದು ಅಂಕದ ಪ್ರಶ್ನೆ. ಆದರೆ ಆ ಒಂದು ಅಂಕದ ಹಿಂದಿನ ಕರಾರನ್ನು ನೋಡಿದರೆ ನಮ್ಮ ಮದುವೆ ಮಾತುಕತೆಗಳು ನೆನಪಾಗದೆ ಇರುವುದಿಲ್ಲ.

ಕ್ಯಾಥರೀನ್ ಹುಟ್ಟಿದ್ದು 1638ರ ನವೆಂಬರ್ 25ರಂದು, ವಿಲಾ ವಿಸೋಜಾದಲ್ಲಿ. ಆಗ ಆಕೆ ರಾಜಕುಮಾರಿಯಲ್ಲ, ಬ್ರಗಾಂಜಾ ಮನೆತನದ ಒಬ್ಬ ಡ್ಯೂಕನ ಮಗಳು. ಎರಡು ವರ್ಷದ ಮೇಲೆ, 1640ರಲ್ಲಿ, ಪೋರ್ಚುಗಲ್ ಸ್ಪೇನಿನ ಆಳ್ವಿಕೆಯನ್ನು ಕಿತ್ತೊಗೆದಾಗ ಅಪ್ಪ ರಾಜನಾದ. ಅಲ್ಲಿಂದ ಮುಂದೆ ಆ ಮನೆಯ ಮಗಳ ಮದುವೆ ಎಂದರೆ ಸ್ಪೇನಿನ ವಿರುದ್ಧ ಒಂದು ಸೈನ್ಯ. ಅಪ್ಪ ಸತ್ತ ಮೇಲೆ ತಾಯಿ ಲೂಯಿಸಾ ದ ಗುಸ್ಮಾಂವ್ ಕುದುರಿಸಿದ ಸಂಬಂಧ ಇದು. 1661ರ ಜೂನ್ 23ರಂದು ಒಪ್ಪಂದವಾಯಿತು. ವರನ ಕಡೆಗೆ ಉತ್ತರ ಆಫ್ರಿಕಾದ ಟ್ಯಾಂಜಿಯರ್, ಬೊಂಬಾಯಿ ದ್ವೀಪ, ಜೊತೆಗೆ ಇಪ್ಪತ್ತು ಲಕ್ಷ ಕ್ರುಸಾದೊ ನಗದು. ಪ್ರತಿಯಾಗಿ ಇಂಗ್ಲೆಂಡ್ ಸ್ಪೇನಿನ ವಿರುದ್ಧ ಸೈನಿಕರನ್ನು ಕಳಿಸಬೇಕು, ಭಾರತದಲ್ಲಿ ಡಚ್ಚರಿಂದ ಪೋರ್ಚುಗೀಸರನ್ನು ಕಾಯಬೇಕು. ಹುಡುಗಿಯನ್ನು ಕರೆದೊಯ್ಯಲು ಇಂಗ್ಲಿಷ್ ಹಡಗುಗಳು ಲಿಸ್ಬನ್ನಿಗೆ ಬಂದು ನಿಂತಾಗ ನಗದು ಪೂರ್ತಿ ಇರಲಿಲ್ಲ. ಅರ್ಧ ಮಾತ್ರ ಸಿದ್ಧವಾಗಿತ್ತು, ಅದರಲ್ಲೂ ಬಹುಪಾಲು ಸಕ್ಕರೆ ಮತ್ತಿತರ ಸರಕಿನ ರೂಪದಲ್ಲಿ. ಉಳಿದದ್ದು ಆಮೇಲೆ ಕೊಡುತ್ತೇವೆ ಎಂಬ ಮಾತು. ಛತ್ರದ ಬಾಗಿಲಲ್ಲಿ ಬೀಗರು ಮುಖ ಸಿಂಡರಿಸಿ ನಿಂತ ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಕನ್ನಡದಲ್ಲಿ ನಮಗೆ ಎರಡು ಶಬ್ದಗಳಿವೆ, ಬಳುವಳಿ ಮತ್ತು ವರದಕ್ಷಿಣೆ. ಬಳುವಳಿ ಮಗಳದು. ವರದಕ್ಷಿಣೆ ವರನದು. ಒಪ್ಪಂದದ ಪ್ರಕಾರ ಬೊಂಬಾಯಿ ಹೋದದ್ದು ಇಂಗ್ಲೆಂಡಿನ ರಾಜನಿಗೆ, ಅವನ ವಾರಸುದಾರರಿಗೆ. ಕ್ಯಾಥರೀನಳಿಗಲ್ಲ. ಆಕೆ ಈ ದ್ವೀಪವನ್ನು ಕಣ್ಣಿನಿಂದ ನೋಡಲಿಲ್ಲ, ಇದರ ಒಂದು ತೆಂಗಿನಕಾಯಿಯೂ ಆಕೆಯದಾಗಲಿಲ್ಲ. ಆದರೂ ಇನ್ನೂರು ಪ್ರವಾಸಿ ಪುಸ್ತಕಗಳು ಬೊಂಬಾಯಿ ‘ಕ್ಯಾಥರೀನಳ ದ್ವೀಪ’ ಆಗಿತ್ತೆಂಬಂತೆ ಬರೆಯುತ್ತವೆ. ದ್ವೀಪದ ಒಡತಿ ಎಂಬ ಹೆಸರು ಸಲ್ಲಬೇಕಾದದ್ದು ಇಲ್ಲೇ ಇದ್ದ ದೋನಾ ಇನೇಸಳಿಗೆ, ಮತ್ತು ಆಕೆಯನ್ನು ಲಿಸ್ಬನ್ನಿನಲ್ಲಾಗಲಿ ಲಂಡನ್ನಿನಲ್ಲಾಗಲಿ ಯಾರೂ ಒಂದು ಮಾತು ಕೇಳಿ ಸಹಿ ಹಾಕಿದ್ದಲ್ಲ.

ಸಹಿ ಬಿದ್ದರೂ ದ್ವೀಪ ಕೈಗೆ ಬರಲಿಲ್ಲ. 1662ರ ಸೆಪ್ಟೆಂಬರ್‌ನಲ್ಲಿ ಅರ್ಲ್ ಆಫ್ ಮಾರ್ಲ್‌ಬರೋ ಹಡಗುಗಳೊಂದಿಗೆ ಇಲ್ಲಿಗೆ ಬಂದ. ಜೊತೆಗೆ ಸರ್ ಅಬ್ರಹಾಂ ಶಿಪ್‌ಮನ್, ಸುಮಾರು 400 ಸೈನಿಕರು. ಗೋವೆಯ ವೈಸರಾಯ್ ಆಂಟೋನಿಯೊ ದ ಮೆಲೊ ಎ ಕಾಸ್ಟ್ರೊ ಕಾಗದಪತ್ರ ಸರಿಯಿಲ್ಲ ಎಂದು ಕೊಡಲು ಒಪ್ಪಲಿಲ್ಲ. ಹಾಗಾದರೆ ಠಾಣೆ, ಸಾಷ್ಟಿ ಎಲ್ಲ ನಮಗೇ ಎಂದು ಇಂಗ್ಲಿಷರ ವಾದ. ಇಲ್ಲ, ಬೊಂಬಾಯಿ ಅಂದರೆ ಬೊಂಬಾಯಿ ಮಾತ್ರ ಎಂದು ಪೋರ್ಚುಗೀಸರದು. ಯಾವ ಮಾತು ಯಾವ ಸ್ಕೋಪಿನಲ್ಲಿ ಸೇರಿದೆ ಎಂಬ ಈ ಜಗಳ ನಮ್ಮ ಐಟಿ ಮಂದಿಗೆ ಚೆನ್ನಾಗಿ ಗೊತ್ತು. ಕರಾರು ಬರೆದವರು ಒಂದು ಖಂಡದಲ್ಲಿ, ಡೆಲಿವರಿ ಕೊಡಬೇಕಾದವರು ಇನ್ನೊಂದು ಖಂಡದಲ್ಲಿ. ಲಂಡನ್ನಿನ ಮಂತ್ರಿ ಕ್ಲಾರೆಂಡನ್ ಬೊಂಬಾಯಿ ಬ್ರೆಜಿಲ್ ಹತ್ತಿರ ಎಲ್ಲೋ ಇದೆ ಎಂದುಕೊಂಡಿದ್ದ ಎಂಬ ಮಾತೂ ಪ್ರಚಲಿತದಲ್ಲಿದೆ.

ಮಾರ್ಲ್‌ಬರೋ ಹಿಂತಿರುಗಿದ. ಸೈನಿಕರನ್ನು ಎಲ್ಲಿ ಇಡುವುದು? ಸೂರತ್ತಿನಲ್ಲಿ ಮೊಗಲ್ ಅಧಿಕಾರಿಗಳು ಇಳಿಯಗೊಡಲಿಲ್ಲ. ಕೊನೆಗೆ ಇಳಿಸಿದ್ದು ನಮ್ಮ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ. ಬಿಣಗದ ಕಡೆಯಿಂದ ಸಮುದ್ರ ನೋಡಿದರೆ ಉದ್ದಕ್ಕೆ ಮಲಗಿದಂತೆ ಕಾಣುತ್ತದಲ್ಲ, ಅದೇ ದ್ವೀಪ. 1498ರಲ್ಲಿ ವಾಸ್ಕೊ ದ ಗಾಮ ಹಡಗು ದುರಸ್ತಿಗೆ ನಿಂತಿದ್ದೂ ಅಲ್ಲೇ. ನೆರಳಿಗೆ ಸೂರಿಲ್ಲ, ಕರಾವಳಿಯ ಮಳೆ ಗೊತ್ತಿಲ್ಲ, ತಿನ್ನಲು ಸರಿಯಾದ ಆಹಾರವಿಲ್ಲ. ಎರಡು ಮಳೆಗಾಲದಲ್ಲಿ ಆ 400 ಜನರಲ್ಲಿ ಬಹುಪಾಲು ಜ್ವರ, ಭೇದಿಗಳಲ್ಲಿ ಸತ್ತರು. 1664ರ ಏಪ್ರಿಲ್‌ನಲ್ಲಿ ಶಿಪ್‌ಮನ್ ಕೂಡ ಅಲ್ಲೇ ಸತ್ತ. ಉಳಿದ ನೂರು ಚಿಲ್ಲರೆ ಮಂದಿಗೆ ಮುಖ್ಯಸ್ಥನಾದವನು ಅವನ ಕಾರ್ಯದರ್ಶಿ ಹಂಫ್ರಿ ಕುಕ್. ಲಂಡನ್ನಿನ ಒಂದು ಮದುವೆಯ ಕರಾರಿಗೆ ಮುನ್ನೂರು ಹುಡುಗರು ಕಾರವಾರದ ಮಳೆಯಲ್ಲಿ ಸತ್ತದ್ದನ್ನು ನಮ್ಮ ಪಾಠಪುಸ್ತಕಗಳು ಹೇಳುವುದಿಲ್ಲ.

ಅತ್ತ ಪೋರ್ಚುಗಲ್‌ನ ರಾಜನಿಂದ ಕಟ್ಟುನಿಟ್ಟಿನ ಅಪ್ಪಣೆ ಬಂತು. ವೈಸರಾಯ್ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದ. ಇಂಗ್ಲಿಷರು ಬೊಂಬಾಯಿಯಲ್ಲಿ ನೆಲೆ ನಿಂತ ದಿನವೇ ಇಂಡಿಯಾ ನಮ್ಮ ಕೈತಪ್ಪುತ್ತದೆ ಎಂಬರ್ಥದಲ್ಲಿ ರಾಜನಿಗೆ ಬರೆದದ್ದು ಅವನೇ. ಆಳುವವರ ಸೇವೆಯಲ್ಲಿದ್ದು ಇಷ್ಟು ಸರಿಯಾಗಿ ಮುಂದಿನದನ್ನು ಕಂಡವರು ಕಡಿಮೆ. 1665ರ ಜನವರಿ 14ರಂದು ಪಣಜಿಯಲ್ಲಿ ಅವನು ಕುಕ್‌ನೊಂದಿಗೆ ಹಸ್ತಾಂತರದ ಷರತ್ತುಗಳನ್ನು ಬರೆಸಿಕೊಂಡ. ಆ ಷರತ್ತುಗಳ ನಡುವೆ ಒಂದು ಪೂರ್ತಿ ಕಲಮು ದೋನಾ ಇನೇಸಳ ಬಗ್ಗೆ.

ಅದರ ಸಾರ ಹೀಗಿದೆ. ದ್ವೀಪದ ಒಡತಿಯ ಆಸ್ತಿಗೆ ಯಾರೂ ಕೈಹಾಕಕೂಡದು. ಆಕೆ ತಾನಾಗಿ ಮನಸ್ಸು ಮಾಡಿದ ಹೊರತು ಬಿಟ್ಟುಕೊಡು ಎಂದು ಒತ್ತಾಯಿಸಕೂಡದು. ಕುಲೀನ ಹೆಂಗಸಾದ್ದರಿಂದ ಆಕೆಯನ್ನು ಗೌರವದಿಂದ, ಸೌಜನ್ಯದಿಂದ ನಡೆಸಿಕೊಳ್ಳಬೇಕು. ಇಷ್ಟರವರೆಗೆ ಚೆನ್ನಾಗಿದೆ. ಮುಂದಿನ ಸಾಲುಗಳಲ್ಲಿ ಬಾಗಿಲು ತೆರೆದುಕೊಳ್ಳುತ್ತದೆ: ಆಕೆ ತೀರಿಕೊಂಡು ಆಸ್ತಿ ವಾರಸುದಾರರಿಗೆ ಹೋದ ಮೇಲೆ, ಇಂಗ್ಲಿಷರು ಬೇಕೆಂದರೆ ಆ ಮನೆ ಮತ್ತು ತೋಟಗಳನ್ನು ಕೋಟೆ ಕಟ್ಟಲು ತೆಗೆದುಕೊಳ್ಳಬಹುದು, ನ್ಯಾಯವಾದ ಬೆಲೆ ಕೊಡಬೇಕು, ಅಷ್ಟೆ. ಇಂದಿನ ಭಾಷೆಯಲ್ಲಿ ಇದು ಭೂಸ್ವಾಧೀನದ ನೋಟಿಸ್. ಜಾರಿಯಾಗುವ ದಿನಾಂಕ ಮಾತ್ರ ಆಕೆಯ ಸಾವು.

ನನಗೆ ಈ ಕಲಮಿನ ಬಗ್ಗೆ ಎರಡು ಮನಸ್ಸಿದೆ. ಹದಿನೇಳನೇ ಶತಮಾನದ ಇಬ್ಬರು ರಾಜರ ನಡುವಿನ ಕಾಗದದಲ್ಲಿ ಒಬ್ಬ ವಿಧವೆಯ ಮನೆ ಉಳಿಸುವ ಮಾತು ಸೇರಿಸಬೇಕಾದರೆ ಯಾರೋ ಗೋವೆಯಲ್ಲಿ ಗಟ್ಟಿಯಾಗಿ ಪಟ್ಟು ಹಿಡಿದಿರಬೇಕು. ಅದು ಆಕೆಯೇ ಇರಬಹುದೆಂದು ನನ್ನ ಊಹೆ. ಅಷ್ಟು ದೊಡ್ಡ ಜಮೀನು ನಡೆಸುವ ಹೆಂಗಸು ಗೋವೆಗೆ ಒಂದು ಪತ್ರ ಬರೆಸದೆ ಸುಮ್ಮನೆ ಕೂತಿರಲಾರಳು. ಆದರೆ ಅದೇ ಕಾಗದ, ಆಕೆಯ ಮನೆ ಕೋಟೆಗೆ ಹೇಳಿಮಾಡಿಸಿದ ಜಾಗ ಎಂಬುದನ್ನು ಇಂಗ್ಲಿಷರಿಗೆ ಬರವಣಿಗೆಯಲ್ಲೇ ತೋರಿಸಿಕೊಟ್ಟಿತು.

1665ರ ಫೆಬ್ರವರಿ 18. ಪೋರ್ಚುಗೀಸರ ಪರವಾಗಿ ಹಣಕಾಸಿನ ಮುಖ್ಯಾಧಿಕಾರಿ ಲೂಯಿಸ್ ಮೆಂಡಿಸ್ ದ ವಾಸ್ಕೊನ್ಸೆಲೊಸ್ ಮತ್ತು ಗೋವೆಯ ಒಬ್ಬ ನ್ಯಾಯಾಧಿಕಾರಿ. ಇಂಗ್ಲಿಷರ ಪರವಾಗಿ ಹಂಫ್ರಿ ಕುಕ್. ಸ್ಥಳ, ಕಾಗದದಲ್ಲಿ ಸ್ಪಷ್ಟವಾಗಿ ಬರೆದಿರುವಂತೆ, ದೋಮ್ ರೊಡ್ರಿಗೊನ ವಿಧವೆ ದೋನಾ ಇನೇಸ್ ದ ಮಿರಾಂಡಾಳ ದೊಡ್ಡ ಮನೆ. ಅಧಿಕಾರಪತ್ರಗಳನ್ನು ಓದಿದರು. ಆಮೇಲೆ ಕುಕ್ ಆ ಮನೆಯ ಒಳಗೂ ಹೊರಗೂ ನಡೆದಾಡಿದ, ಬುರುಜಿನ ಮೇಲೆ ಹತ್ತಿದ, ಗೋಡೆಗೆ ಕೈ ತಾಗಿಸಿದ, ನೆಲದಿಂದ ಮಣ್ಣು ಮತ್ತು ಕಲ್ಲುಗಳನ್ನು ಕೈಯಲ್ಲಿ ಎತ್ತಿಕೊಂಡ. ಸ್ವಾಧೀನ ಪಡೆಯುವ ಕ್ರಮ ಅದು. ನಮ್ಮಲ್ಲೂ ಭೂಮಿ ದಾನ ಕೊಡುವಾಗ ಕೈಗೆ ನೀರೆರೆದು ಕೊಡುತ್ತಿದ್ದರಲ್ಲ, ಹಾಗೆ. ಪರರ ಅಂಗಳದಲ್ಲಿ ಮಣ್ಣು ಎತ್ತಿಕೊಳ್ಳುವುದನ್ನು ಮನೆಯಾಕೆ ಎಲ್ಲಿ ನಿಂತು ನೋಡಿದಳೋ. ಕಾಗದ ಬರೆದ ಗುಮಾಸ್ತನಿಗೆ ಅದು ಬರೆಯಬೇಕಾದ ಸಂಗತಿಯಲ್ಲ.

ಅದೇ ಫೆಬ್ರವರಿಯಲ್ಲಿ ನಮ್ಮ ಕರಾವಳಿಯಲ್ಲಿ ಏನಾಗುತ್ತಿತ್ತು ನೋಡಿ. ಶಿವಾಜಿ ಮಾಲವಣದಿಂದ ಹಡಗು ಹತ್ತಿ ಬಂದು ಕೆಳದಿ ಅರಸರ ಬಂದರು ಬಸ್ರೂರನ್ನು ಸೂರೆಮಾಡಿದ. ಹಿಂತಿರುಗುವಾಗ ಗೋಕರ್ಣದಲ್ಲಿ ಸ್ನಾನ ಮಾಡಿ, ಅಂಕೋಲಾ ಮಾರ್ಗವಾಗಿ ಕಾರವಾರಕ್ಕೆ ಬಂದ. ಊರನ್ನು ಬಿಡಬೇಕಾದರೆ ಕಪ್ಪ ಕೊಡಿ ಎಂದಾಗ ಅಲ್ಲಿನ ಇಂಗ್ಲಿಷ್ ಕಂಪನಿಯ ಪಾಲಿಗೆ ಬಂದದ್ದು 112 ಪೌಂಡ್. ಅಂದರೆ ಕುಕ್ ಬೊಂಬಾಯಿಯ ಮಣ್ಣು ಹಿಡಿದುಕೊಂಡ ತಿಂಗಳಲ್ಲೇ ಅವನ ದೇಶದವರು ಕಾರವಾರದಲ್ಲಿ ಪ್ರಾಣಭಯದಿಂದ ಹಣ ಎಣಿಸುತ್ತಿದ್ದರು. ಕುಂದಾಪುರದ ಕಡೆಯಿಂದ ಬಂದು ಫೋರ್ಟ್‌ನ ಹೋಟೆಲುಗಳಲ್ಲಿ ಜೀವ ಸವೆಸಿದ ನಮ್ಮ ಹಿರಿಯರ ಊರಿಗೂ ಈ ಫೋರ್ಟ್‌ಗೂ ಒಂದೇ ತಿಂಗಳಲ್ಲಿ ದಿಕ್ಕು ಬದಲಾಯಿತು ಎನ್ನುವುದು ನನಗಂತೂ ಮೊದಲು ಹೊಳೆದಿರಲಿಲ್ಲ.

ಕುಕ್ ತಡಮಾಡಲಿಲ್ಲ. ವರ್ಷ ಮುಗಿಯುವುದರೊಳಗೆ ಮಾಹಿಮ್ ಕೂಡ ನಮ್ಮದೇ ಎಂದು ಹಿಡಿದ. ಷರತ್ತುಗಳಲ್ಲಿ ಬರೆದದ್ದು ಒಂದು, ನಡೆದದ್ದು ಇನ್ನೊಂದು. ದೊಡ್ಡ ಮನೆಯ ಸುತ್ತ ಕಟ್ಟೆ, ಫಿರಂಗಿ ಬಂದವು. 1668ರ ಮಾರ್ಚ್ 27ರ ಸನ್ನದಿನಲ್ಲಿ ಚಾರ್ಲ್ಸ್ ಇಡೀ ದ್ವೀಪವನ್ನು ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಕೊಟ್ಟುಬಿಟ್ಟ. ಅವನಿಗೆ ಇದು ಖರ್ಚಿನ ಬಾಬತ್ತಾಗಿತ್ತು. ಹೆಂಡತಿಯ ತವರಿನಿಂದ ಬಂದದ್ದನ್ನು ಆರೇ ವರ್ಷದಲ್ಲಿ ಮೂರನೆಯವರಿಗೆ ದಾಟಿಸಿದ ಗಂಡ. ಗವರ್ನರ್ ಜೆರಾಲ್ಡ್ ಆಂಜಿಯರ್ ಕಾಲದಲ್ಲಿ ದ್ವೀಪದ ಜಮೀನ್ದಾರರೆಲ್ಲ ಸೇರಿ ವರ್ಷಕ್ಕೆ 20,000 ಷೆರಾಫಿನ್ ಕೊಟ್ಟು ತಮ್ಮ ಭೂಮಿಯನ್ನು ಉಳಿಸಿಕೊಳ್ಳುವ ಒಪ್ಪಂದ ಮಾಡಿಕೊಂಡರು. ಅಷ್ಟರಲ್ಲಿ ದೋನಾ ಇನೇಸಳ ಮನೆ ಬಾಂಬೆ ಕ್ಯಾಸಲ್ ಆಗಿತ್ತು. ಕ್ಯಾಸಲಿನ ಸುತ್ತ ಊರು, ಊರಿನ ಸುತ್ತ ಗೋಡೆ, ಗೋಡೆಯ ಒಳಗಿನದಕ್ಕೆಲ್ಲ ಫೋರ್ಟ್ ಎಂದು ಹೆಸರು.

ಇದನ್ನು ಓದುವಾಗೆಲ್ಲ ನನಗೆ ಉಳ್ಳಾಲದ ರಾಣಿ ನೆನಪಾಗುತ್ತಾಳೆ. 1623ರಲ್ಲಿ ರೋಮಿನ ಕುಲೀನ ಪಿಯೆತ್ರೊ ದೆಲ್ಲಾ ವಾಲೆ ಗೋವೆಯಿಂದ ಹೊನ್ನಾವರ, ಗೇರುಸೊಪ್ಪೆ ಮಾರ್ಗವಾಗಿ ಇಕ್ಕೇರಿಗೆ ಹೋಗಿ ವೆಂಕಟಪ್ಪ ನಾಯಕನನ್ನು ಕಂಡು, ಘಟ್ಟ ಇಳಿದು ಮಂಗಳೂರಿಗೆ ಬಂದ. ಅವನು ಬರೆದಿಟ್ಟ ರಾಣಿಯ ಹೆಸರು ನಮ್ಮ ಕಿವಿಗೆ ಅಬ್ಬಕ್ಕದೇವಿ ಚೌಟ ಎಂದೇ ಕೇಳಿಸುತ್ತದೆ. ಅವನು ಕಂಡಾಗ ಆಕೆ ಬರಿಗಾಲಲ್ಲಿ, ದಪ್ಪ ಬಿಳಿ ಹತ್ತಿಬಟ್ಟೆ ಸುತ್ತಿಕೊಂಡು, ಗದ್ದೆಗೆ ನೀರು ಹಾಯಿಸಲು ತೋಡಿಸುತ್ತಿದ್ದ ಕಾಲುವೆ ನೋಡಲು ನಡೆದು ಬರುತ್ತಿದ್ದಳು. ಯುರೋಪಿಯನ್ನನ ಕಣ್ಣಿಗೆ ಅಡುಗೆಯವಳಂತೆ, ಅಗಸಗಿತ್ತಿಯಂತೆ ಕಂಡಳಂತೆ. ಸ್ಪೇನಿನ ರಾಜನ ಸೈನ್ಯಗಳನ್ನು ಸೋಲಿಸುವವರು ಇಂಥವರೋ ಎಂದು ಮನಸ್ಸಿನಲ್ಲೇ ಅಂದುಕೊಂಡನಂತೆ. (ಆಗ ಪೋರ್ಚುಗಲ್‌ಗೂ ಸ್ಪೇನಿನವನೇ ರಾಜ.) ಆದರೆ ಮಾತಿಗೆ ಇಳಿದ ಮೇಲೆ ಆಕೆಯ ವಿವೇಕವನ್ನು ಒಪ್ಪಿಕೊಂಡಿದ್ದಾನೆ. ಬಂಗರಸನನ್ನು ಮದುವೆಯಾಗಿದ್ದ ಆಕೆ ಸಂಬಂಧ ಬೇಡವೆಂದಾಗ ಅವನು ಕೊಟ್ಟ ಒಡವೆಯನ್ನು ಹಿಂದಕ್ಕೆ ಕಳಿಸಿ ತನ್ನ ಪಾಡಿಗೆ ತಾನು ಆಳುತ್ತಿದ್ದಳು. ಅವನು ಪೋರ್ಚುಗೀಸರನ್ನು ಕರೆದ, ಆಕೆ ವೆಂಕಟಪ್ಪ ನಾಯಕನನ್ನು ಕರೆದಳು. ದೋನಾ ಇನೇಸಳಿಗೆ ಅಂಥ ದಾರಿಯಿರಲಿಲ್ಲ. ಆಕೆಯ ಒಡೆತನದ ಬುಡ ಲಿಸ್ಬನ್ನಿನಲ್ಲಿತ್ತು. ಅಲ್ಲಿ ಕಡಿದರೆ ಇಲ್ಲಿ ಒಣಗುತ್ತದೆ.

ಕ್ಯಾಥರೀನಳ ಪಾಡೂ ಸುಖದ್ದಲ್ಲ. 1662ರ ಮೇ 21ರಂದು ಪೋರ್ಟ್ಸ್‌ಮತ್‌ನಲ್ಲಿ ಮದುವೆ. ಕೆಲವೇ ವಾರದಲ್ಲಿ ಗಂಡ ತನ್ನ ಪ್ರೇಯಸಿ ಲೇಡಿ ಕಾಸಲ್‌ಮೇನಳನ್ನು ರಾಣಿಯ ಅಂತಃಪುರದ ಸೇವಕಿಯರ ಪಟ್ಟಿಗೆ ಸೇರಿಸಿದ. ಕ್ಯಾಥರೀನ್ ಆ ಹೆಸರು ಹೊಡೆದುಹಾಕಿದಳು. ಗಂಡ ಅವಳನ್ನು ಕರೆತಂದು ಸಭೆಯಲ್ಲೇ ಪರಿಚಯಿಸಿದಾಗ, ಯಾರೆಂದು ತಿಳಿದ ಕ್ಷಣ ಮೂಗಿನಲ್ಲಿ ರಕ್ತ ಸುರಿದು ಮೂರ್ಛೆ ಹೋದಳು. ಅವಳ ಜೊತೆ ಬಂದ ಪೋರ್ಚುಗೀಸ್ ಹೆಂಗಸರನ್ನು ಬಹುಪಾಲು ಊರಿಗೆ ಅಟ್ಟಲಾಯಿತು. ಭಾಷೆ ಬಾರದ ಊರಿನಲ್ಲಿ ತನ್ನವರಿಲ್ಲದೆ ಉಳಿದ ಆಕೆ ಕೊನೆಗೆ ತಗ್ಗಿದಳು. ಮರುವರ್ಷ ಜ್ವರದ ಸನ್ನಿಯಲ್ಲಿ ತನಗೆ ಮಕ್ಕಳಾಗಿವೆ ಎಂದು ಬಡಬಡಿಸಿದಳು. ಗಂಡ ಹಾಸಿಗೆಯ ಪಕ್ಕ ಕೂತು ಹೌದು ಹೌದು ಎಂದ. ಮಕ್ಕಳು ಆಗಲೇ ಇಲ್ಲ. 1678ರಲ್ಲಿ ಟೈಟಸ್ ಓಟ್ಸ್ ಎಂಬ ಸುಳ್ಳುಗಾರ ರಾಣಿ ರಾಜನಿಗೆ ವಿಷ ಹಾಕಲು ಹೊಂಚಿದ್ದಾಳೆ ಎಂದು ಆರೋಪಿಸಿದಾಗ, ಚಾರ್ಲ್ಸ್ ಅವಳ ಬೆನ್ನಿಗೆ ನಿಂತ, ವಿಚ್ಛೇದನದ ಸಲಹೆಯನ್ನು ತಳ್ಳಿಹಾಕಿದ. ಅವನ ಪರವಾಗಿ ಹೇಳಬಹುದಾದ ಮಾತು ಅದೊಂದು.

ಇಂಗ್ಲೆಂಡಿಗೆ ಚಹಾ ತಂದವಳು ಆಕೆ ಎಂದು ಚಹಾ ಕಂಪನಿಗಳು ಹೇಳಿಕೊಳ್ಳುತ್ತವೆ. ಪೂರ್ತಿ ನಿಜವಲ್ಲ. 1658ರಲ್ಲೇ ಲಂಡನ್ನಿನಲ್ಲಿ ಚಹಾ ಮಾರಾಟದ ಜಾಹೀರಾತು ಬಂದಿತ್ತು. ಅರಮನೆಯಲ್ಲಿ ಅದನ್ನು ರೂಢಿಗೆ ತಂದವಳು ಆಕೆ ಎನ್ನಬಹುದು. ಫಿಲ್ಟರ್ ಕಾಫಿ ಬಿಟ್ಟು ಬೇರೇನೂ ಒಪ್ಪದ ನಮ್ಮ ಜಾತಿಯವರಿಗೆ ಅದರಿಂದ ನಷ್ಟವೂ ಇಲ್ಲ, ಲಾಭವೂ ಇಲ್ಲ.

1685ರಲ್ಲಿ ಚಾರ್ಲ್ಸ್ ಸತ್ತ. 1693ರಲ್ಲಿ ಕ್ಯಾಥರೀನ್ ಲಿಸ್ಬನ್ನಿಗೆ ಮರಳಿದಳು, ಮೂವತ್ತು ವರ್ಷದ ನಂತರ. ಅಲ್ಲಿ ಬೆಂಪೋಸ್ತಾದಲ್ಲಿ ತನಗೆಂದೇ ಒಂದು ಅರಮನೆ ಕಟ್ಟಿಸಿದಳು. ಜೀವನದಲ್ಲಿ ಆಕೆ ತನ್ನ ಇಷ್ಟಕ್ಕೆ ಕಟ್ಟಿಕೊಂಡ ಮನೆ ಬಹುಶಃ ಅದೊಂದೇ. ತಮ್ಮನಾದ ರಾಜ ಪೆದ್ರೊನ ಆರೋಗ್ಯ ಕೆಟ್ಟಾಗ 1704–05ರಲ್ಲಿ ಅವನ ಪರವಾಗಿ ರಾಜ್ಯಭಾರ ನಡೆಸಿದಳು. ಸ್ಪೇನಿನೊಂದಿಗೆ ಯುದ್ಧ ನಡೆಯುತ್ತಿದ್ದ ಕಾಲವದು, ಚೆನ್ನಾಗಿಯೇ ನಡೆಸಿದಳು. ಮೂವತ್ತು ವರ್ಷ ಆಕೆಯನ್ನು ಬಂಜೆ, ಪರಧರ್ಮೀಯಳು ಎಂದು ಆಡಿಕೊಂಡ ಲಂಡನ್ನಿಗೆ ಆಕೆಗೆ ಆಡಳಿತ ಗೊತ್ತಿದೆ ಎಂಬ ಅನುಮಾನವೇ ಬಂದಿರಲಿಲ್ಲ. 1705ರ ಡಿಸೆಂಬರ್ 31ರಂದು ಬೆಂಪೋಸ್ತಾದಲ್ಲಿ ತೀರಿಕೊಂಡಳು.

ನ್ಯೂಯಾರ್ಕಿನ ಕ್ವೀನ್ಸ್ ಪ್ರದೇಶದ ಹೆಸರು ಆಕೆಯಿಂದಲೇ ಬಂದದ್ದೆಂದು ಹೇಳುತ್ತಾರೆ. 1990ರ ದಶಕದಲ್ಲಿ ಅಲ್ಲಿ ಆಕೆಯ ಭಾರಿ ಪ್ರತಿಮೆ ನಿಲ್ಲಿಸುವ ಯೋಜನೆ ಹೊರಟಿತ್ತು. ಎರಡೂ ರಾಜಮನೆತನಗಳು ಗುಲಾಮರ ವ್ಯಾಪಾರದಿಂದ ಹಣ ಮಾಡಿದವು ಎಂದು ಅಲ್ಲಿನವರು ವಿರೋಧಿಸಿದ್ದರಿಂದ ಅದು ನಿಂತುಹೋಯಿತು. ಅದರದೊಂದು ಚಿಕ್ಕ ರೂಪ ಈಗ ಲಿಸ್ಬನ್ನಿನ ನದೀತೀರದಲ್ಲಿದೆ. ಇಲ್ಲಿ ಐಎನ್‌ಎಸ್ ಆಂಗ್ರೆಯ ಒಳಗೆ ಉಳಿದಿರುವ ಹಳೆಯ ಬಾಗಿಲಿನ ಮೇಲೆ ಪೋರ್ಚುಗೀಸ್ ವೇಷದ ಇಬ್ಬರು ಸೈನಿಕರ ಕೆತ್ತನೆ ಇದೆ.